ಇಬ್ಬರ ದೇಶಸಂಚಾರ, ಮಿತವಾದ ಖರ್ಚು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನೂ ನನ್ನ ಪತ್ನಿಯೂ ಬೆಂಗಳೂರಿನಲ್ಲಿ ಖಾಸಗಿ ಕೆಲಸದಲ್ಲಿದ್ದೇವೆ. ಇಬ್ಬರೂ ಒಂದೇ ಹೊತ್ತಿಗೆ ಕೆಲಸ ಬದಲಿಸುತ್ತಿರುವುದರಿಂದ ದೀಪಾವಳಿ ಕಳೆದ ಮೇಲೆ 40 ದಿನಗಳ ಬಿಡುವು ಸಿಗಲಿದೆ. ಪ್ರವಾಸಕ್ಕೆಂದು 1,20,000 ರೂಪಾಯಿ ಕೂಡಿಟ್ಟಿದ್ದೇವೆ. ರಾಜಸ್ಥಾನ, ದೆಹಲಿ, ಹಿಮಾಚಲ, ಕಾಶಿ, ಕೋಲ್ಕತ್ತ, ಈಶಾನ್ಯ ರಾಜ್ಯಗಳು, ಹಿಂದಿರುಗುವಾಗ ಕೇರಳ, ಇಷ್ಟನ್ನೂ ಈ ಹಣದಲ್ಲಿ ನೋಡಿಬರಲು ಸಾಧ್ಯವೇ? ದಯವಿಟ್ಟು ತಿಳಿಸಿ.
ಓದುಗರು, ಬನಶಂಕರಿ

ಉತ್ತರ: ನಿಮ್ಮ ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊಡೆದುಹಾಕಿದರೆ ಈ ಹಣ ಧಾರಾಳವಾಗಿ ಸಾಕು; ಹೊಡೆದುಹಾಕದಿದ್ದರೆ ಇದರ ಎರಡರಷ್ಟಿದ್ದರೂ ಸಾಲದು. ಇಬ್ಬರು ಒಟ್ಟಿಗೆ ಹೊರಟಾಗ ಕೋಣೆಯ ಬಾಡಿಗೆ ಮತ್ತು ಆಟೊ ದರ ಹಂಚಿಹೋಗುತ್ತವೆ, ಆದರೆ ರೈಲಿನ ಟಿಕೆಟ್ಟೂ ಊಟವೂ ಹಂಚಿಹೋಗುವುದಿಲ್ಲ. ಹೊಸ ಊರಿಗೆ ಕಾಲಿಟ್ಟ ಮೊದಲ ದಿನವೇ ಯಾವಾಗಲೂ ದುಬಾರಿ: ನಿಲ್ದಾಣದ ಹೊರಗೆ ಕೇಳಿದಷ್ಟು ಕೊಟ್ಟು ಆಟೊ ಹತ್ತುತ್ತೇವೆ, ಮೊದಲು ಕಂಡ ಲಾಡ್ಜಿನಲ್ಲಿ ಕೋಣೆ ಹಿಡಿಯುತ್ತೇವೆ, ಹಸಿವಿಗೆ ಸಿಕ್ಕಿದ್ದನ್ನು ತಿನ್ನುತ್ತೇವೆ. ಮೂರನೆಯ ದಿನದ ಹೊತ್ತಿಗೆ ಸಿಟಿ ಬಸ್ಸಿನ ನಂಬರು ಗೊತ್ತಾಗಿರುತ್ತದೆ, ಊಟದ ಮನೆ ಗೊತ್ತಾಗಿರುತ್ತದೆ, ಐದಾರು ರಾತ್ರಿ ಉಳಿಯುವವರೆಂದು ತಿಳಿದರೆ ಕೋಣೆಯವರೂ ಬಾಡಿಗೆಯಲ್ಲಿ ಸ್ವಲ್ಪ ಬಿಡುತ್ತಾರೆ. ಆದ್ದರಿಂದ ಊರುಗಳ ಸಂಖ್ಯೆಯನ್ನು ಇಳಿಸುವುದೇ ಮೊದಲ ಉಳಿತಾಯ, ಮಿಕ್ಕ ಉಪಾಯಗಳೆಲ್ಲ ಅದರ ನಂತರದವು.

ನಮ್ಮ ಸಲಹೆಯೆಂದರೆ ಈ ಬಾರಿ ಪೂರ್ವದಿಕ್ಕನ್ನು ಮಾತ್ರ ಹಿಡಿಯಿರಿ: ವಿಶಾಖಪಟ್ಟಣ, ಪುರಿ ಮತ್ತು ಭುವನೇಶ್ವರ, ಕೋಲ್ಕತ್ತ, ಗುವಾಹಟಿಯಿಂದ ಶಿಲ್ಲಾಂಗ್, ಬರುವಾಗ ಕಾಶಿ. ಹಿಮಾಚಲಕ್ಕೆ ಆ ಹೊತ್ತಿನಲ್ಲಿ ಹೋದರೆ ಚಳಿಗೆ ಬೇಕಾದ ಬಟ್ಟೆಗೇ ಒಂದಿಷ್ಟು ಹಣ ತೆರಬೇಕಾಗುತ್ತದೆ. ಕೇರಳ ನಮಗೆ ಒಂದು ರಾತ್ರಿಯ ದಾರಿ, ಅದಕ್ಕೆ 40 ದಿನಗಳ ರಜೆ ಬೇಕಿಲ್ಲ. ರಾಜಸ್ಥಾನವನ್ನು ಬಿಡಿ ಎಂದು ಹೇಳಲು ನಮಗೂ ಮನಸ್ಸಿಲ್ಲ, ಆದರೂ ಬಿಡಿ.

ಬೆಂಗಳೂರಿನಿಂದ ಭುವನೇಶ್ವರಕ್ಕೆ ಹೋಗುವ ಪ್ರಶಾಂತಿ ಎಕ್ಸ್‌ಪ್ರೆಸ್ ವಿಶಾಖಪಟ್ಟಣದ ಮೇಲೆಯೇ ಸಾಗುತ್ತದೆ. ಹಿಂದಿರುಗುವಾಗ ಕಾಶಿಯ ಸಮೀಪದ ದೀನದಯಾಳ್ ಉಪಾಧ್ಯಾಯ ಜಂಕ್ಷನ್‌ನಲ್ಲಿ, ಅಂದರೆ ಹಳೆಯ ಮೊಘಲ್‌ಸರಾಯ್‌ನಲ್ಲಿ, ದಾನಾಪುರದಿಂದ ಬರುವ ಸಂಘಮಿತ್ರ ಎಕ್ಸ್‌ಪ್ರೆಸ್ ಹಿಡಿದರೆ ನೇರವಾಗಿ ಬೆಂಗಳೂರಿಗೆ ಬರಬಹುದು. ಹೀಗೆ ಹೊರಟ ಊರಿಗೇ ಬೇರೆ ದಾರಿಯಲ್ಲಿ ಮರಳುವವರಿಗಾಗಿ ರೈಲ್ವೆಯಲ್ಲಿ ವೃತ್ತಾಕಾರದ ಪ್ರಯಾಣದ ಟಿಕೆಟ್, ಅಂದರೆ ಸರ್ಕ್ಯುಲರ್ ಜರ್ನಿ ಟಿಕೆಟ್, ಎಂಬ ಹಳೆಯ ಸೌಲಭ್ಯವಿದೆ, ಬಳಸುವವರು ಕಡಿಮೆ. ರೈಲು ದರದಲ್ಲಿ ದೂರ ಹೆಚ್ಚಿದಷ್ಟೂ ಪ್ರತಿ ಕಿಲೋಮೀಟರಿನ ದರ ಇಳಿಯುತ್ತದೆ. ತುಂಡು ತುಂಡಾಗಿ ಟಿಕೆಟ್ ಕೊಂಡರೆ ಆ ಇಳಿಕೆ ಸಿಗದು. ಸರ್ಕ್ಯುಲರ್ ಟಿಕೆಟ್ಟಿನಲ್ಲಾದರೆ ಒಟ್ಟು ದೂರವನ್ನು ಎರಡು ಸಮಭಾಗ ಮಾಡಿ, ಎರಡು ದೀರ್ಘ ಪ್ರಯಾಣಗಳೆಂದು ಎಣಿಸಿ ದರ ಕಟ್ಟುತ್ತಾರೆ. ದಾರಿಯಲ್ಲಿ ಗರಿಷ್ಠ ಎಂಟು ಕಡೆ ಇಳಿದು ಉಳಿಯಬಹುದು. ಇದು ಆನ್‌ಲೈನ್‌ನಲ್ಲಿ ಸಿಗುವುದಿಲ್ಲ. ಹೋಗುವ ದಾರಿಯನ್ನು ಬರೆದುಕೊಂಡು ದೊಡ್ಡ ನಿಲ್ದಾಣದ ವಾಣಿಜ್ಯ ವಿಭಾಗಕ್ಕೆ ಅರ್ಜಿ ಕೊಡಬೇಕು, ಅವರು ದರ ಲೆಕ್ಕ ಹಾಕಿಕೊಟ್ಟ ಮೇಲೆ ಕೌಂಟರಿನಲ್ಲಿ ಟಿಕೆಟ್ ಪಡೆದು ಪ್ರತಿಯೊಂದು ರೈಲಿಗೂ ಪ್ರತ್ಯೇಕವಾಗಿ ಬರ್ತ್ ಕಾಯ್ದಿರಿಸಬೇಕು. ಮಧ್ಯದಲ್ಲಿ ಮನಸ್ಸು ಬದಲಿಸುವ ಸ್ವಭಾವ ನಿಮ್ಮದಾದರೆ ಇದರ ಗೊಡವೆಗೆ ಹೋಗಬೇಡಿ, ಬಿಡಿ ಟಿಕೆಟ್ಟುಗಳೇ ಮೇಲು.

ಮುಂಗಡ ಬುಕಿಂಗ್ ಅವಧಿ 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನಗಳಿಗೆ ಇಳಿದಿದೆ ಎಂಬುದನ್ನು ನೆನಪಿಡಿ. ಇಬ್ಬರ ಹೆಸರನ್ನೂ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಟಿಕೆಟ್ ಸಂಖ್ಯೆಯಲ್ಲಿ, ಹಾಕಿಸಿ. ತತ್ಕಾಲ್ ಬುಕಿಂಗ್ ಹಿಂದಿನ ದಿನ ಎಸಿ ದರ್ಜೆಗಳಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ತೆರೆಯುತ್ತದೆ, ಖಾತ್ರಿಯಾದ ತತ್ಕಾಲ್ ಟಿಕೆಟ್ ರದ್ದುಮಾಡಿದರೆ ಹಣ ಮರಳುವುದಿಲ್ಲ. ಆದುದರಿಂದ ಅದು ಕೊನೆಯ ದಾರಿಯಾಗಿರಲಿ. ಒಂದು ರಾತ್ರಿಯ ಪ್ರಯಾಣಕ್ಕೆ ಸ್ಲೀಪರ್ ಸಾಕು, ಆದರೆ ಹೊದಿಕೆ ನಿಮ್ಮದೇ ಇರಬೇಕು. ಗುವಾಹಟಿಯಿಂದ ಕಾಶಿಗೆ, ಅಲ್ಲಿಂದ ಬೆಂಗಳೂರಿಗೆ ಬರುವಂಥ ದೀರ್ಘ ಪ್ರಯಾಣಗಳಲ್ಲಿ ಮೂರನೇ ದರ್ಜೆಯ ಎಸಿಗೆ ಹೆಚ್ಚು ಹಣ ಕೊಡುವುದು ದುಂದಲ್ಲ. ರಾತ್ರಿ ರೈಲು ಹತ್ತಿದರೆ ಕೋಣೆಯ ಬಾಡಿಗೆ ಉಳಿಯುತ್ತದೆಂಬುದು ನಿಜ. ಹಾಗೆಂದು ಎರಡು ರಾತ್ರಿ ಒಂದರ ಮೇಲೊಂದು ರೈಲು ಬದಲಿಸುತ್ತ ಹೋದರೆ ಮೂರನೆಯ ದಿನ ಗಂಡಹೆಂಡಿರ ನಡುವೆ ಜಗಳವಾಗುವುದೂ ಅಷ್ಟೇ ನಿಜ.

ಹಣದ ಲೆಕ್ಕಕ್ಕೆ ಬರೋಣ. ಮೊದಲು 24,000 ರೂಪಾಯಿಯನ್ನು ದೂರದ ಪ್ರಯಾಣಗಳಿಗೆಂದು ತೆಗೆದಿಡಿ. 16,000 ರೂಪಾಯಿ ಆಪದ್ಧನ, ಅದನ್ನು ಬೇರೆ ಖಾತೆಯಲ್ಲಿಡಿ. ಉಳಿದ 80,000 ರೂಪಾಯಿಯನ್ನು 40 ದಿನಗಳಿಗೆ ಹಂಚಿದರೆ ದಿನಕ್ಕೆ ಇಬ್ಬರಿಗೆ 2,000 ರೂಪಾಯಿ. ಇದರಲ್ಲಿ ಕೋಣೆಗೆ 1,000, ಊಟ ತಿಂಡಿಗೆ 600, ಓಡಾಟ ಮತ್ತು ಪ್ರವೇಶ ಶುಲ್ಕಕ್ಕೆ 400 ಎಂದು ಇಟ್ಟುಕೊಳ್ಳಿ. ರೈಲಿನಲ್ಲಿ ಕಳೆದ ರಾತ್ರಿಗಳಲ್ಲಿ ಉಳಿಯುವ ಕೋಣೆಯ ಹಣ ಶಿಲ್ಲಾಂಗ್‌ನಂತಹ ತುಟ್ಟಿ ಊರಿಗೆ ಆಗುತ್ತದೆ. ಒಂಟಿ ಪ್ರವಾಸಿಗಳಿಗೆ ಅಗ್ಗವಾಗುವ ಹಾಸ್ಟೆಲ್ಲಿನ ಡಾರ್ಮಿಟರಿ ದಂಪತಿಗೆ ಅಗ್ಗವಾಗುವುದು ಅಪರೂಪ. ಎರಡು ಹಾಸಿಗೆಗೆ ಕೊಡುವ ಬಾಡಿಗೆಯಲ್ಲಿ ಸಾಧಾರಣ ಲಾಡ್ಜಿನ ಪ್ರತ್ಯೇಕ ಕೋಣೆಯೇ ಹಲವು ಕಡೆ ದೊರೆಯುತ್ತದೆ. ಖಾತ್ರಿ ಟಿಕೆಟ್ ಅಥವಾ ಆರ್‌ಎಸಿ, ಅಂದರೆ ಪೂರ್ತಿ ಬರ್ತ್ ಸಿಗದಿದ್ದರೂ ಕೂರಲು ಜಾಗವಿರುವ, ಟಿಕೆಟ್ ಇದ್ದವರಿಗೆ ರೈಲು ನಿಲ್ದಾಣದ ವಿಶ್ರಾಂತಿ ಕೊಠಡಿಗಳೂ ಸಿಗುತ್ತವೆ, ಒಂದೇ ರಾತ್ರಿ ತಂಗುವ ಊರಿನಲ್ಲಿ ಇವು ಬಹಳ ಅನುಕೂಲ.

ಋತುವಿನ ವಿಷಯದಲ್ಲಿ ಎಚ್ಚರ ಬೇಕು. ನವೆಂಬರ್ ತಿಂಗಳು ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳ ಕಾಲ. ಆಂಧ್ರ ಮತ್ತು ಒಡಿಶಾ ಕರಾವಳಿಯಲ್ಲಿ ರೈಲುಗಳು ರದ್ದಾಗುವುದುಂಟು, ಆದ್ದರಿಂದ ಕೋಲ್ಕತ್ತ ತಲುಪುವ ಮೊದಲು ಎರಡು ದಿನ ಖಾಲಿ ಬಿಟ್ಟಿರಿ. ಪುರಿಯಲ್ಲಿ ಕಾರ್ತಿಕದ ಕೊನೆಯ ಐದು ದಿನ, ಕಾಶಿಯಲ್ಲಿ ಕಾರ್ತಿಕ ಪೂರ್ಣಿಮೆಯ ದೇವ ದೀಪಾವಳಿ, ಇವೆರಡೂ ಜನಜಂಗುಳಿಯ ಹೊತ್ತು, ಕೋಣೆಗಳ ಬಾಡಿಗೆ ಏರಿರುತ್ತದೆ. ದೀಪಾವಳಿಯ ನಂತರದ ಛಠ್ ಹಬ್ಬಕ್ಕೆ ಬಿಹಾರದ ಕಡೆಗೆ ಹೋಗುವ ರೈಲುಗಳು ತುಂಬಿ, ಹಬ್ಬ ಮುಗಿದ ಮೇಲೆ ಅಲ್ಲಿಂದ ಬರುವ ರೈಲುಗಳೂ ತುಂಬುತ್ತವೆ. ಕಾಶಿಯನ್ನು ಕೊನೆಗೆ, ಡಿಸೆಂಬರ್ ಮೊದಲ ಎರಡು ವಾರಗಳಲ್ಲಿ ಇಟ್ಟಿರುವುದು ಇದಕ್ಕಾಗಿಯೇ. ಅದಕ್ಕೂ ತಡಮಾಡಿದರೆ ಗಂಗಾ ಬಯಲಿನ ಮಂಜು ಕವಿದು ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ಈಶಾನ್ಯದಲ್ಲಿ ಆ ತಿಂಗಳು ಸಂಜೆ ನಾಲ್ಕೂವರೆಯ ಸುಮಾರಿಗೇ ಹೊತ್ತು ಮುಳುಗುವುದರಿಂದ ಬೆಂಗಳೂರಿನ ಅಭ್ಯಾಸದಂತೆ ಹತ್ತು ಗಂಟೆಗೆ ತಿಂಡಿ ಮುಗಿಸಿ ಹೊರಟರೆ ಸೊಹ್ರಾದ, ಅಂದರೆ ಚಿರಾಪುಂಜಿಯ, ಜಲಪಾತಗಳನ್ನು ಕಾಣುವಷ್ಟರಲ್ಲಿ ಕತ್ತಲಾಗಿರುತ್ತದೆ. ಶಿಲ್ಲಾಂಗ್‌ನಲ್ಲಿ ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಗುವಾಹಟಿಯಿಂದ ಅಲ್ಲಿಗೆ ಇಡೀ ಕಾರು ಹಿಡಿಯುವ ಬದಲು ತಲೆಗಿಷ್ಟೆಂದು ಕೊಟ್ಟು ಶೇರ್ ಸುಮೊದಲ್ಲಿ ಹೋಗಿ.

ಊಟದ ಬಗ್ಗೆ ಒಂದೇ ಮಾತು: ಚಟ್ನಿಪುಡಿ, ಅವಲಕ್ಕಿ ಒಯ್ಯಿರಿ, ಆದರೆ ಉಡುಪಿ ಹೋಟೆಲು ಹುಡುಕುತ್ತ ಆಟೊಕ್ಕೆ ಹಣ ಸುರಿಯಬೇಡಿ. ಪುರಿಯ ಆನಂದ ಬಜಾರಿನ ಮಹಾಪ್ರಸಾದ, ಕೋಲ್ಕತ್ತದ ಬೀದಿಬದಿಯ ಲುಚಿ ಮತ್ತು ಆಲೂದಮ್ ಅಗ್ಗವೂ ಹೌದು, ಆ ಊರಿನ ರುಚಿಯೂ ಹೌದು.

ಪ್ರಶ್ನೆ: ನಾನು ಶಿವಮೊಗ್ಗದವಳು, ಮದುವೆಯಾಗಿ ಬೆಂಗಳೂರಿಗೆ ಬಂದಿದ್ದೇನೆ. ಆಧಾರ್‌ನಲ್ಲಿ ಇನ್ನೂ ತವರಿನ ವಿಳಾಸವೇ ಇದೆ. ಗಂಡನೊಂದಿಗೆ ಉತ್ತರ ಭಾರತಕ್ಕೆ ಹೋದಾಗ ಲಾಡ್ಜಿನಲ್ಲಿ ತೊಂದರೆಯಾಗಬಹುದೇ? ಮಠ, ಛತ್ರಗಳಲ್ಲಿ ದಂಪತಿಗೆ ಸ್ಥಳ ಕೊಡುತ್ತಾರೆಯೇ? ನಮ್ಮಿಬ್ಬರಿಗೂ ಹಿಂದಿ ಅಷ್ಟಕ್ಕಷ್ಟೆ.
ಓದುಗರು, ಹೆಬ್ಬಾಳ

ಉತ್ತರ: ಗಂಡಹೆಂಡಿರ ಗುರುತಿನ ಚೀಟಿಗಳಲ್ಲಿ ಒಂದೇ ವಿಳಾಸವಿರಬೇಕೆಂಬ ಕಾನೂನಿಲ್ಲ. ವಯಸ್ಕರಿಬ್ಬರು ತಮ್ಮ ತಮ್ಮ ಗುರುತಿನ ಚೀಟಿ ತೋರಿಸಿದರೆ ಸಾಕು. ಹಾಗಿದ್ದೂ ಸಣ್ಣ ಊರುಗಳ ಕೆಲವು ಲಾಡ್ಜುಗಳಲ್ಲಿ ಅನವಶ್ಯಕ ಪ್ರಶ್ನೆ ಕೇಳುವವರು ಇದ್ದಾರೆ; ರಾತ್ರಿ ಹನ್ನೊಂದಕ್ಕೆ ಕೌಂಟರಿನ ಮುಂದೆ ನಿಂತು ಹಕ್ಕಿನ ಬಗ್ಗೆ ವಾದಿಸುವುದಕ್ಕಿಂತ ವಿವಾಹ ನೋಂದಣಿ ಪತ್ರದ ಒಂದು ಪ್ರತಿ ಚೀಲದಲ್ಲಿ, ಇನ್ನೊಂದು ಫೋನಿನಲ್ಲಿ ಇಟ್ಟುಕೊಳ್ಳುವುದು ಲೇಸು. ಮಠ ಮತ್ತು ಧರ್ಮಶಾಲೆಗಳಲ್ಲಿ ಇದು ಇನ್ನಷ್ಟು ಉಪಯೋಗಕ್ಕೆ ಬರುತ್ತದೆ.

ಕನ್ನಡಿಗರಿಗೆ ಕಾಶಿಯಲ್ಲಿ ನೆಲೆಗೆ ಕೊರತೆಯಿಲ್ಲ. ಕರ್ನಾಟಕ ಸರ್ಕಾರದ ಮುಜರಾಯಿ ಇಲಾಖೆಯ ಛತ್ರವಿದೆ, ಜಂಗಮವಾಡಿ ಮಠವಿದೆ. ಎರಡೂ ಕಡೆ ಕನ್ನಡದಲ್ಲೇ ಮಾತಾಡಬಹುದು. ಅಮೃತಸರದ ಸ್ವರ್ಣಮಂದಿರದಲ್ಲಿ, ಪಾಟ್ನಾದ ತಖ್ತ್ ಹರ್‌ಮಂದಿರ್ ಸಾಹಿಬ್ ಗುರುದ್ವಾರದಲ್ಲಿ ಯಾತ್ರಿಕರಿಗೆ ತಂಗುವ ವ್ಯವಸ್ಥೆಯೂ ಎಲ್ಲರಿಗೂ ಉಚಿತ ಲಂಗರ್ ಊಟವೂ ಇವೆ. ಇಂಥ ಕಡೆ ಮದ್ಯ, ಮಾಂಸಕ್ಕೆ ಅವಕಾಶವಿಲ್ಲ, ಕೆಲವು ಛತ್ರಗಳಲ್ಲಿ ರಾತ್ರಿ ಬಾಗಿಲು ಬೇಗ ಹಾಕುತ್ತಾರೆ. ಖರ್ಚು ಉಳಿಸುವ ಲಾಡ್ಜೆಂದು ಮಾತ್ರ ಇವನ್ನು ನೋಡುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ, ಕೈಲಾದಷ್ಟು ಕಾಣಿಕೆ ಹಾಕಿ ಬನ್ನಿ.

ಹಿಂದಿ ಬಾರದಿರುವುದು ದೊಡ್ಡ ತೊಡಕಲ್ಲ. ಸಂಖ್ಯೆಗಳು ಮತ್ತು ದರ ಕೇಳುವ ನಾಲ್ಕು ಮಾತುಗಳಿಷ್ಟು ಬಂದರೆ ಮಾರುಕಟ್ಟೆಯಲ್ಲಿ ಮೋಸಹೋಗುವ ಪ್ರಮೇಯ ಕಡಿಮೆ, ಮೇಘಾಲಯದಲ್ಲಂತೂ ಇಂಗ್ಲಿಷಿನಲ್ಲೇ ಹೆಚ್ಚು ಸಲೀಸು. ಭಾಷೆಗಿಂತ ಮುಖ್ಯವಾದುದು ತಲುಪುವ ಸಮಯ. ನಸುಕಿನ ಎರಡು ಗಂಟೆಗೆ ಅಪರಿಚಿತ ಊರಿನಲ್ಲಿ ಇಳಿಸುವ ರೈಲು ಎಷ್ಟೇ ಅಗ್ಗವಾಗಿದ್ದರೂ ಬೇಡ. ಹಣ, ಕಾರ್ಡುಗಳನ್ನು ಇಬ್ಬರೂ ಬೇರೆ ಬೇರೆ ಇಟ್ಟುಕೊಳ್ಳಿ, ಟಿಕೆಟ್ಟಿನ ಪ್ರತಿ ಇಬ್ಬರ ಫೋನಿನಲ್ಲೂ ಇರಲಿ. ಈಶಾನ್ಯಕ್ಕೆ ಹೋಗುವ ಯೋಚನೆಯಿದ್ದರೆ ಅರುಣಾಚಲ ಪ್ರದೇಶ, ನಾಗಾಲ್ಯಾಂಡ್, ಮಿಜೋರಾಂ, ಮಣಿಪುರಗಳಿಗೆ ಒಳಗಡಿ ಪರವಾನಗಿ, ಅಂದರೆ ಇನ್ನರ್ ಲೈನ್ ಪರ್ಮಿಟ್, ಮೊದಲೇ ಪಡೆಯಬೇಕು. ಅಸ್ಸಾಂ, ಮೇಘಾಲಯ, ತ್ರಿಪುರಾಗಳಿಗೆ ಅದು ಬೇಡ.

ಪ್ರಶ್ನೆ: ನಾವು ನಿವೃತ್ತ ದಂಪತಿ, ನನಗೆ 66, ಪತ್ನಿಗೆ 61. ರೈಲಿನಲ್ಲಿ ಹಿರಿಯ ನಾಗರಿಕರ ರಿಯಾಯಿತಿ ಈಗಲೂ ಇದೆಯೇ? ದೂರ ಹೋಗುವ ಮೊದಲು ಉತ್ತರ ಕರ್ನಾಟಕವನ್ನು ಕಡಿಮೆ ಖರ್ಚಿನಲ್ಲಿ ನೋಡುವ ಆಸೆ.
ಓದುಗರು, ಜಯನಗರ

ಉತ್ತರ: ಆ ರಿಯಾಯಿತಿ 2020ರ ಮಾರ್ಚ್‌ನಿಂದ ನಿಂತುಹೋಗಿದೆ. ಕೆಳಗಿನ ಬರ್ತಿನ ಕೋಟಾ ಮಾತ್ರ ಉಳಿದಿದೆ: 60 ದಾಟಿದ ಪುರುಷರು, 45 ದಾಟಿದ ಮಹಿಳೆಯರು ಒಬ್ಬರೇ ಅಥವಾ ಇಬ್ಬರೇ ಒಂದು ಟಿಕೆಟ್ಟಿನಲ್ಲಿ ಹೊರಟಾಗ ಅದನ್ನು ಕೇಳಬಹುದು. ಮೂರನೆಯವರ ಹೆಸರು ಅದೇ ಟಿಕೆಟ್ಟಿಗೆ ಸೇರಿಸಿದರೆ ಈ ಅನುಕೂಲ ತಪ್ಪುತ್ತದೆ.

ರಾಜ್ಯದೊಳಗಾದರೆ ಬಸ್ಸೇ ನಿಮಗೆ ಲಾಭ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ನಿಮ್ಮ ಪತ್ನಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ, ನಿಮಗೆ ಹಿರಿಯ ನಾಗರಿಕರ ಶೇ 25 ರಿಯಾಯಿತಿ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೂ ಅಂತರರಾಜ್ಯ ಬಸ್ಸುಗಳಿಗೂ ಶಕ್ತಿ ಅನ್ವಯಿಸದು. ಬೆಂಗಳೂರಿನಿಂದ ಹೊಸಪೇಟೆಗೆ ರಾತ್ರಿ ರೈಲಿನಲ್ಲಿ ಹೋಗಿ, ಅಲ್ಲಿಂದ ಮುಂದಕ್ಕೆ ಬಾದಾಮಿ, ವಿಜಯಪುರಗಳನ್ನು ಹಗಲಿನ ಬಸ್ಸುಗಳಲ್ಲಿ ನೋಡಿ. ಬಾದಾಮಿಯಲ್ಲಿ ಮೂರು ರಾತ್ರಿ ಉಳಿದರೆ ಪಟ್ಟದಕಲ್ಲು, ಐಹೊಳೆಗಳಿಗೆ ಕಾರಿನ ಹಂಗಿಲ್ಲದೆ ಹೋಗಿಬರಬಹುದು. ಮಾರ್ಚ್ ನಂತರದ ಬಿಸಿಲು ನಿಮ್ಮ ವಯಸ್ಸಿಗೆ ಆಗದು, ನವೆಂಬರ್‌ನಿಂದ ಫೆಬ್ರುವರಿಯೊಳಗೆ ಮುಗಿಸಿಕೊಳ್ಳಿ. ಹಂಪಿಯಲ್ಲಿ ವಿಜಯವಿಠ್ಠಲ ದೇಗುಲಕ್ಕೆ ಕೊಂಡ ಟಿಕೆಟ್ ಅದೇ ದಿನ ಕಮಲಮಹಲಿನ ಆವರಣಕ್ಕೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ನಡೆಯುತ್ತದೆ, ಎಸೆಯದೆ ಜೇಬಿನಲ್ಲಿಟ್ಟುಕೊಳ್ಳಿ.