ಒಂದೇ ಪೇಪರ್‌ನಿಂದ 66 ಗೆರೆ: ಪ್ರತಿಕ್ರಿಯೆ

ಕೊಡಗಿನ ಕಾಫಿ, ಏಲಕ್ಕಿ ಸಂಶೋಧಕರ ಸಹಲೇಖಕರ ಜಾಲದಲ್ಲಿ (ಒಬ್ಬೊಬ್ಬರಿಗೆ ಒಂದು ಚುಕ್ಕಿ, ಜೊತೆಗೆ ಬರೆದವರ ನಡುವೆ ಗೆರೆ), 12 ಜನ ಸೇರಿ ಬರೆದ ಒಂದೇ ಪೇಪರ್‌ನಿಂದ ಅವರೆಲ್ಲ ದೊಡ್ಡ ಚುಕ್ಕಿಗಳಾಗಿದ್ದಾರೆ, ಇದು ಸರೀನಾ ಅಂತ ಕೇಳಿದ್ದೀರಿ. ಸರಿಯಲ್ಲ. ಅದೊಂದೇ 66 ಗೆರೆ ಎಳೆಯುತ್ತದೆ. ಇಬ್ಬರು ಬರೆದದ್ದು ಒಂದೇ ಗೆರೆ. ಜಾಲಗಳ ಅಧ್ಯಯನ ಮಾಡುವ ಭೌತವಿಜ್ಞಾನಿ ಮಾರ್ಕ್ ನ್ಯೂಮನ್ 2001ರಲ್ಲೇ ದಾರಿ ತೋರಿಸಿದ್ದಾರೆ: ಪ್ರತಿ ಗೆರೆಗೆ 1/11 ತೂಕ ಕೊಡಿ. ಆಗ ಒಬ್ಬೊಬ್ಬರಿಗೆ ತಮ್ಮ 11 ಗೆರೆಗಳಿಂದ ಸಿಗುವುದು ಒಟ್ಟು 1. ಇಂಥ ಜಾಲ ಬಿಡಿಸುವ ತಂತ್ರಾಂಶ ವಿಒಎಸ್‌ವ್ಯೂವರ್‌ನಲ್ಲಿ ಫ್ರ್ಯಾಕ್ಷನಲ್ ಕೌಂಟಿಂಗ್ (ಹೀಗೆ ಪಾಲು ಹಂಚಿ ಎಣಿಸುವುದು) ಆರಿಸಿದರೂ ಆಯ್ತು.

ಅದಕ್ಕಿಂತ ಜಾಸ್ತಿ ತಲೆನೋವು ಹೆಸರುಗಳದ್ದು. ಕೊಡವರ ಮನೆತನದ ಹೆಸರು ಒಂದು ಪೇಪರ್‌ನಲ್ಲಿ ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಶಿಯಲ್. ಒಬ್ಬರೇ ಇಬ್ಬರಾಗುತ್ತಾರೆ, ಇಬ್ಬರು ಪೊನ್ನಪ್ಪಂದಿರು ಒಬ್ಬರಾಗುತ್ತಾರೆ! ಸಂಸ್ಥೆಯ ವಿಳಾಸದ ಜೊತೆ ತಾಳೆ ನೋಡಿ. ಸುಮ್ನೆ 'ಚೆಟ್ಟಳ್ಳಿ' ಅಂತಿದ್ದರೆ ನಂಬಬೇಡಿ. ಕೊಡಗಿನ ಆ ಊರಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವೂ ಇದೆ, ತೋಟಗಾರಿಕೆ ಪ್ರಯೋಗ ಕೇಂದ್ರವೂ ಇದೆ.