ಲ್ಯಾಬ್ರಡಾರ್ ಸಾಧು, ನಿಜ. ಆದರೆ ಅದರ ಹಸಿವು?

ಪ್ರಶ್ನೆ: ಆರು ಮತ್ತು ಹತ್ತು ವರ್ಷದ ಇಬ್ಬರು ಮಕ್ಕಳಿದ್ದಾರೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಲ್ಯಾಬ್ರಡಾರ್ ಸಾಧು, ಮಕ್ಕಳಿರುವ ಮನೆಗೆ ಅದೇ ಸರಿ ಎಂದು ಎಲ್ಲರೂ ಹೇಳುತ್ತಾರೆ. ಮರಿ ತರಬಹುದೇ?

ಸಾಧು ಹೌದು. ಆದರೆ ಸಾಧು ಎಂದರೆ ಮೂಲೆಯಲ್ಲಿ ಸುಮ್ಮನೆ ಮಲಗಿರುತ್ತದೆ ಎಂದುಕೊಂಡಿದ್ದರೆ ಮೊದಲ ಎರಡು ವರ್ಷ ನಿಮಗೆ ಕಷ್ಟ. ಈ ತಳಿಯ ಪೂರ್ವಜರು ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಮೀನುಗಾರರ ಜೊತೆ ದುಡಿದವು. ಆಮೇಲೆ ಬ್ರಿಟನ್ನಿನಲ್ಲಿ, ಬೇಟೆಯಲ್ಲಿ ಬಿದ್ದ ಹಕ್ಕಿಯನ್ನು ಬಾಯಲ್ಲಿ ಕಚ್ಚಿ ತರುವುದಕ್ಕೆಂದೇ ಇವನ್ನು ಬೆಳೆಸಿದರು. ಹಾಗಾಗಿ ಸದಾ ಬಾಯಲ್ಲಿ ಏನಾದರೊಂದು ಬೇಕು, ನೀರು ಕಂಡರೆ ಇಳಿಯಬೇಕು, ಮನೆಯವರ ಕಾಲ ಬಳಿಯೇ ಇರಬೇಕು. ಬೆಳೆದ ನಾಯಿಗೆ ದಿನಕ್ಕೆ ಒಂದೂವರೆ ಗಂಟೆಯಿಂದ ಎರಡು ಗಂಟೆ ನಡಿಗೆ, ಓಟ, ಆಟ ಸಿಗದಿದ್ದರೆ ಆ ಶಕ್ತಿಯೆಲ್ಲ ಚಪ್ಪಲಿ, ಸೋಫಾದ ಮೇಲೆ ಹರಿಯುತ್ತದೆ.

ನಿಮ್ಮ ಮನೆಯ ನಿಜವಾದ ತೊಡಕು ಮಕ್ಕಳಲ್ಲ, ಹಗಲು ಮನೆ ಖಾಲಿ ಇರುವುದು. ಎರಡು ತಿಂಗಳ ಮರಿ ಮೂತ್ರ ತಡೆದುಕೊಳ್ಳುವುದು ಹೆಚ್ಚೆಂದರೆ ಎರಡು ಮೂರು ಗಂಟೆ. ಬೆಳೆದ ನಾಯಿಯನ್ನೂ ನಾಲ್ಕೈದು ಗಂಟೆಗಿಂತ ಹೆಚ್ಚು ಹೊತ್ತು ದಿನಾ ಒಂಟಿಯಾಗಿ ಬಿಡಬಾರದು. ಮೊದಲ ಕೆಲವು ತಿಂಗಳು ಮಧ್ಯಾಹ್ನ ಮನೆಗೆ ಬಂದು ಹೋಗುವವರು ಯಾರೂ ಇಲ್ಲವೆಂದರೆ ಈಗ ತರಬೇಡಿ. ಅಥವಾ ಮರಿಯ ಬದಲು, ಮನೆಯ ರೀತಿ ರೂಢಿಯಾಗಿರುವ ಮೂರು ನಾಲ್ಕು ವರ್ಷದ ನಾಯಿಯನ್ನು ಸಾಕಿಕೊಳ್ಳಿ. ನಿಮ್ಮಂಥ ಮನೆಗೆ ಅದೇ ವಾಸಿ.

ಮಕ್ಕಳ ವಿಷಯಕ್ಕೆ ಬಂದರೆ, ಕಚ್ಚುವುದಕ್ಕಿಂತ ಬೀಳಿಸುವುದೇ ಹೆಚ್ಚು. ಗಂಡು 29ರಿಂದ 36 ಕಿಲೋ ತೂಗುತ್ತದೆ, ಹೆಣ್ಣು ಸ್ವಲ್ಪ ಕಡಿಮೆ. ಆರು ವರ್ಷದ ಮಗುವಿಗಿಂತ ಅದೇ ಭಾರ. ಮರಿಯಿದ್ದಾಗ ಮುದ್ದೆಂದು ಹಾರಲು ಬಿಟ್ಟರೆ ವರ್ಷ ತುಂಬುವ ಹೊತ್ತಿಗೆ ಬಾಗಿಲಲ್ಲಿ ನಿಂತ ಮಗು ನೆಲಕ್ಕೆ ಬಿದ್ದಿರುತ್ತದೆ. ಹಾರಿದಾಗ ಬೈಯುವುದು, ಕೈಯಿಂದ ತಳ್ಳುವುದು ಅದಕ್ಕೆ ಆಟದಂತೆಯೇ ಕಾಣುತ್ತದೆ. ಬೆನ್ನು ತಿರುಗಿಸಿ ನಿಲ್ಲಿ. ನಾಲ್ಕೂ ಕಾಲು ನೆಲಕ್ಕೆ ತಾಗಿದ ಮೇಲಷ್ಟೇ ಮುಟ್ಟಿ, ಮಾತಾಡಿಸಿ. ಮನೆಯಲ್ಲಿ ಒಬ್ಬರು ಹೀಗೆ, ಇನ್ನೊಬ್ಬರು ಹಾಗೆ ಮಾಡಿದರೆ ಕಲಿಯುವುದಿಲ್ಲ.

ಮಕ್ಕಳಿಗೂ ಕಲಿಸಬೇಕಾದ್ದಿದೆ. ಊಟದ ಬಟ್ಟಲಿಗೆ ಕೈ ಹಾಕಬಾರದು, ಮಲಗಿರುವ ನಾಯಿಯನ್ನು ತಬ್ಬಬಾರದು. ನಾಯಿ ಮುಖ ಆಚೆ ತಿರುಗಿಸಿ ತುಟಿ ನೆಕ್ಕಿಕೊಂಡರೆ, ಕಣ್ಣಿನ ಬಿಳಿಭಾಗ ಕಾಣುವಂತೆ ಓರೆಗಣ್ಣಲ್ಲಿ ನೋಡಿದರೆ, ಇದ್ದಲ್ಲೇ ಸೆಟೆದು ನಿಂತರೆ, ಅದಕ್ಕೆ ಸಾಕಾಗಿದೆ ಎಂದರ್ಥ. ಗುರುಗುಟ್ಟಿದ್ದಕ್ಕೆ ಹೊಡೆಯಬೇಡಿ. ಹೊಡೆದರೆ ಮುಂದಿನ ಸಲ ಗುರುಗುಟ್ಟದೆಯೇ ಕಚ್ಚುತ್ತದೆ.

ಮರಿಯನ್ನು ಎಂಟು ವಾರ ತುಂಬುವ ಮೊದಲು ತಾಯಿಯಿಂದ ಬೇರೆ ಮಾಡಬೇಡಿ. ತಾಯಿಯನ್ನು ಕಣ್ಣಾರೆ ನೋಡಿ. ತಂದೆ ತಾಯಿ ಎರಡರದ್ದೂ ಸೊಂಟ ಮತ್ತು ಮುಂಗಾಲಿನ ಮೊಣಕೈ ಕೀಲಿನ ಎಕ್ಸ್‌ರೇ ವರದಿ, ಕಣ್ಣಿನ ತಪಾಸಣೆಯ ವರದಿ ಕೇಳಿ. ಕೀಲಿನ ದೋಷ ಈ ತಳಿಯಲ್ಲಿ ಸಾಮಾನ್ಯ, ಅದು ವಂಶದಲ್ಲೇ ಬರುತ್ತದೆ. ಕಪ್ಪೋ, ಹಳದಿಯೋ, ಚಾಕೊಲೇಟ್ ಬಣ್ಣವೋ ಎಂದು ತಲೆ ಕೆಡಿಸಿಕೊಳ್ಳುವವರು ಈ ವರದಿ ಕೇಳುವುದನ್ನೇ ಮರೆಯುತ್ತಾರೆ.

ಪ್ರಶ್ನೆ: ನಮ್ಮ ನಾಲ್ಕು ವರ್ಷದ ಗಂಡು ಲ್ಯಾಬ್ 41 ಕಿಲೋ ಇದೆ. 32ಕ್ಕೆ ಇಳಿಸಿ ಎಂದು ವೈದ್ಯರು ಹೇಳಿದ್ದಾರೆ. ಎಷ್ಟು ಹಾಕಿದರೂ ಹಸಿದಂತೆ ನೋಡುತ್ತದೆ. ಕಡಿಮೆ ಹಾಕಲು ಮನಸ್ಸು ಬರುವುದಿಲ್ಲ.

ಆ ನೋಟವನ್ನು ನಂಬಬೇಡಿ, ನಾಯಿಯ ಮೇಲೆ ಸಿಟ್ಟೂ ಆಗಬೇಡಿ. ಸುಮಾರು ನಾಲ್ಕು ಲ್ಯಾಬ್‌ಗಳಲ್ಲಿ ಒಂದಕ್ಕೆ, ಹೊಟ್ಟೆ ತುಂಬಿದೆ ಎಂದು ಮಿದುಳಿಗೆ ತಿಳಿಸುವ ಪಿಒಎಂಸಿ ಎಂಬ ಜೀನ್‌ನ ಒಂದು ತುಣುಕೇ ಇಲ್ಲವೆಂದು 2016ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ತೋರಿಸಿದರು. ಅಂಥ ನಾಯಿಗೆ ಹಸಿವು ನಟನೆಯಲ್ಲ. ಆದರೆ ಅದನ್ನು ನೀಗಿಸಲು ತಿನ್ನಿಸಿದರೆ ಆಯುಷ್ಯ ಕಡಿಮೆಯಾಗುತ್ತದೆ. 48 ಲ್ಯಾಬ್ರಡಾರ್‌ಗಳನ್ನು ಜೀವಮಾನವಿಡೀ ಗಮನಿಸಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜೊತೆಯ ನಾಯಿಗಿಂತ ಕಾಲು ಭಾಗ ಕಡಿಮೆ ತಿಂದವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು. ಅವಕ್ಕೆ ಕೀಲುನೋವೂ ತಡವಾಗಿ ಬಂತು.

ಈಗ ಲೆಕ್ಕ. 32 ಕಿಲೋ ಗುರಿಯಾದರೆ ದಿನಕ್ಕೆ ಸುಮಾರು 940 ಕ್ಯಾಲೊರಿ ಸಾಕು. ನಿಮ್ಮ ಒಣ ಆಹಾರದ ಪೊಟ್ಟಣದಲ್ಲಿ 100 ಗ್ರಾಂಗೆ 350 ಕ್ಯಾಲೊರಿ ಎಂದಿದ್ದರೆ ಅದು 270 ಗ್ರಾಂ. ತರಬೇತಿಗೆ ಕೊಡುವ ತಿಂಡಿಯೂ ಇದರೊಳಗೇ ಬರಬೇಕು, ಹತ್ತರಲ್ಲಿ ಒಂದು ಪಾಲು ಮೀರಬಾರದು. ಲೋಟದಿಂದ ಅಳೆಯಬೇಡಿ, ಅದರಲ್ಲಿ ಪ್ರತಿ ಸಲವೂ ಹೆಚ್ಚೇ ಬೀಳುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ಬೆಳಿಗ್ಗೆಯೇ ಇಡೀ ದಿನದ್ದನ್ನು ತೂಗಿ ಡಬ್ಬಿಯಲ್ಲಿಡಿ. ಯಾರು ಹಾಕಿದರೂ ಅದರಿಂದಲೇ ಹಾಕಲಿ. ತೂಕ ಇಳಿಯದ ಮನೆಗಳಲ್ಲಿ ಹೆಚ್ಚಾಗಿ ಸಿಗುವ ಕಾರಣ ಇದೇ: ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ, ನಾಯಿಯಂತೂ ಹೇಳುವುದಿಲ್ಲ.

ಹೊಟ್ಟೆ ತುಂಬಿದಂತಾಗಲು ಬೇಯಿಸಿದ ಬೀನ್ಸ್, ಸೌತೆಕಾಯಿ ಸೇರಿಸಬಹುದು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ವಿಷ, ಬೇಡವೇ ಬೇಡ. ಬಟ್ಟಲಿನ ಬದಲು ಉರುಳಿಸಿದರೆ ಕಾಳು ಬೀಳುವ ಚೆಂಡಿನಲ್ಲಿ ಊಟ ಕೊಟ್ಟರೆ ಒಂದು ನಿಮಿಷದಲ್ಲಿ ಮುಗಿಯುವುದು ಕಾಲು ಗಂಟೆ ನಡೆಯುತ್ತದೆ.

ವಾರಕ್ಕೆ 400ರಿಂದ 800 ಗ್ರಾಂ ಇಳಿದರೆ ಸರಿ. ಎಂಟೊಂಬತ್ತು ಕಿಲೋ ಇಳಿಯಲು ಮೂರರಿಂದ ಆರು ತಿಂಗಳು ಹಿಡಿಯಬಹುದು. ತಿಂಗಳಾದರೂ ಮುಳ್ಳು ಕದಲದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಪಕ್ಕೆಲುಬು ಕಣ್ಣಿಗೆ ಎದ್ದು ಕಾಣದೆ, ಒತ್ತದೆಯೇ ಬೆರಳಿಗೆ ಸಿಗುವಂತಿದ್ದರೆ ತೂಕ ಹದದಲ್ಲಿದೆ.

ಪ್ರಶ್ನೆ: ಮನೆ ತುಂಬ ಕೂದಲು. ಬೇಸಿಗೆಯಲ್ಲಿ ಬೋಳಿಸಬಹುದೇ?

ಬೇಡ. ಎರಡು ಪದರದ ಆ ಕೂದಲು ಬಿಸಿಲನ್ನೂ ತಡೆಯುತ್ತದೆ. ಬೋಳಿಸಿದರೆ ಮತ್ತೆ ಸರಿಯಾಗಿ ಬೆಳೆಯದಿರಬಹುದು. ವಾರಕ್ಕೆರಡು ಸಲ, ಹೆಚ್ಚು ಉದುರುವ ಕಾಲದಲ್ಲಿ ದಿನಾ, ಒಳಪದರದವರೆಗೆ ಹೋಗುವ ಬಾಚಣಿಗೆಯಿಂದ ಬಾಚಿ. ಕೂದಲೇ ಉದುರಬಾರದು ಎನ್ನುವವರು ಈ ತಳಿಗೆ ಕೈ ಹಾಕಬಾರದು. ಈಜಿ ಬಂದ ಮೇಲೆ ಕಿವಿ ಒರೆಸುವುದನ್ನು ಮರೆಯಬೇಡಿ, ಜೋತುಬಿದ್ದ ಕಿವಿಯೊಳಗೆ ತೇವ ನಿಂತರೆ ಸೋಂಕಾಗುತ್ತದೆ.

ಪ್ರಶ್ನೆ: ಹತ್ತು ತಿಂಗಳ ಮರಿ ಕಾಲುಚೀಲ ನುಂಗಿದೆ. ಆಟವಾಡಿಕೊಂಡೇ ಇದೆ. ಕಾಯಬಹುದೇ?

ಕಾಯಬೇಡಿ, ಕೂಡಲೇ ವೈದ್ಯರಿಗೆ ಫೋನ್ ಮಾಡಿ. ಒಂದೆರಡು ಗಂಟೆಯೊಳಗಾದರೆ ಅದು ಇನ್ನೂ ಹೊಟ್ಟೆಯಲ್ಲೇ ಇರಬಹುದು, ವೈದ್ಯರು ಔಷಧಿ ಕೊಟ್ಟು ವಾಂತಿ ಮಾಡಿಸಬಲ್ಲರು. ನೀವಾಗಿ ಉಪ್ಪುನೀರು ಕುಡಿಸಬೇಡಿ, ರಕ್ತದಲ್ಲಿ ಉಪ್ಪೇರಿ ಅಪಾಯವಾಗುತ್ತದೆ. ಕರುಳಿಗೆ ಇಳಿದು ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೇ ಗತಿ. ಪದೇ ಪದೇ ವಾಂತಿ, ಊಟ ಬಿಡುವುದು, ಬೆನ್ನು ಬಾಗಿಸಿ ನಿಲ್ಲುವುದು ಅದರ ಗುರುತು. ಗುದದ್ವಾರದಲ್ಲಿ ದಾರದ ತುದಿ ಕಂಡರೆ ಎಳೆಯಬೇಡಿ, ಒಳಗೆ ಕರುಳು ಕೊಯ್ದುಹೋಗಬಹುದು. ಲ್ಯಾಬ್ ಊಟ ಬಿಟ್ಟಿತೆಂದರೆ ಅದೊಂದೇ ಸಾಕು, ಆಸ್ಪತ್ರೆಗೆ ಕರೆದುಕೊಂಡು ಹೋಗಿ.