ಬಯೋದಲ್ಲಿ ನಿಮ್ಮ ಬೆಂಚ್ ಪ್ರೆಸ್ ಯಾರಿಗೆ ಬೇಕು ಸರ್?

ಮೈಸೂರಿಂದ ಬರ್ದಿರೋ ಟ್ರೈನರ್ ಸರ್, ನಿಮ್ ಪತ್ರ, ಜೊತೆಗೆ ಕಳಿಸಿದ ಬಯೋ ಎರಡನ್ನೂ ಓದ್ದೆ. ಮಿಕ್ಕ ಓದುಗರಿಗೂ ವಿಷ್ಯ ಗೊತ್ತಾಗ್ಲಿ ಅಂತ ಚುಟುಕಾಗಿ ಹೇಳ್ತೀನಿ: ಎಂಟು ವರ್ಷ ಜಿಮ್‌ನಲ್ಲಿ ದುಡಿದು ಈಗ ಸ್ವಂತವಾಗಿ ಮನೆಮನೆಗೆ ಹೋಗಿ ಟ್ರೈನಿಂಗ್ ಕೊಡೋಕೆ ಹೊರಟಿದೀರಿ, ಒಂದು ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು 'ನಿಮ್ ಬಗ್ಗೆ ಒಂದ್ ಪೇಜ್ ಕೊಡಿ, ನೋಟಿಸ್ ಬೋರ್ಡಿಗೆ ಹಾಕ್ತೀವಿ' ಅಂದಿದಾರೆ, ಬರ್ದಿರೋದನ್ನ ಇನ್ನೂ ಭರ್ಜರಿ ಮಾಡೋದು ಹೇಗೆ ಅಂತ ಕೇಳಿದೀರಿ.

ಭರ್ಜರಿ ಈಗ್ಲೇ ಜಾಸ್ತಿ ಆಗಿದೆ ಸರ್. 'ಫಿಟ್‌ನೆಸ್ಸೇ ನನ್ನ ಉಸಿರು', 'ಸಾವಿರಾರು ಜನರ ಬದುಕು ಬದಲಿಸಿದ ಟ್ರಾನ್ಸ್‌ಫರ್ಮೇಷನ್ ಕೋಚ್', ಆಮೇಲೆ ನಿಮ್ ಹೈಟು, ವೇಟು, ಬೆಂಚ್ ಪ್ರೆಸ್‌ನಲ್ಲಿ ಎಷ್ಟ್ ಕೆಜಿ ಎತ್ತುತೀರಿ ಅನ್ನೋದು... ಇದರ ಮೇಲೆ ಊರಲ್ಲಿರೋ ಯಾವ ಟ್ರೈನರ್ ಹೆಸರು ಹಾಕಿದ್ರೂ ನಡಿಯತ್ತೆ. ಆ ಬೋರ್ಡ್ ಮುಂದೆ ನಿಂತು ಓದೋರು ಯಾರು ಹೇಳಿ? ಹಾಲು ತಗೊಳ್ಳೋಕೆ ಕೆಳಗೆ ಇಳಿದ ರಿಟೈರ್ಡ್ ಮೇಷ್ಟ್ರು, ಮಗು ಆಗಿ ವರ್ಷ ಕಳೆದ್ರೂ ಸೊಂಟನೋವು ಹೋಗದ ಸಾಫ್ಟ್‌ವೇರ್ ಹುಡುಗಿ. ಈವಯ್ಯನ್ನ ಮನೆ ಒಳಗೆ ಬಿಟ್ಕೊಬೋದಾ, ಇರೋ ಮಂಡಿನೂ ಹಾಳು ಮಾಡ್ಬಿಟ್ರೆ ಏನ್ ಗತಿ, ಅವರಿಗಿರೋ ಯೋಚನೆ ಇಷ್ಟೇ. ನಿಮ್ ಬಯೋದಲ್ಲಿ ಅದಕ್ಕೆ ಒಂದ್ ಸಾಲೂ ಉತ್ತರ ಇಲ್ಲ.

ಉತ್ತರ ಇರೋದು ಪತ್ರದಲ್ಲಿ. ಕೊನೇಲಿ ಸಂಕೋಚ ಪಟ್ಕೊಂಡು ಬರ್ದಿದೀರಲ್ಲ, 'ಹೇಳ್ಕೊಳ್ಳೋ ಅಂಥ ಟ್ರಾನ್ಸ್‌ಫರ್ಮೇಷನ್ ಯಾವ್ದೂ ಇಲ್ಲ, ನನ್ ಬ್ಯಾಚಲ್ಲಿ ಇದ್ದೋರೆಲ್ಲ ಅರವತ್ತು ದಾಟಿದ ಆಂಟಿ ಅಂಕಲ್‌ಗಳು, ನೆಲದ ಮೇಲೆ ಕೂತ್ರೆ ಏಳಕ್ಕೆ ಆಗ್ತಿರ್ಲಿಲ್ಲ, ಈಗ ಏಳ್ತಾರೆ ಅಷ್ಟೇ' ಅಂತ. ಅಷ್ಟೇನಾ! ವಿಶ್ವ ಆರೋಗ್ಯ ಸಂಸ್ಥೆ 2020ರ ಗೈಡ್‌ಲೈನ್‌ನಲ್ಲಿ 65 ದಾಟಿದವರು ವಾರಕ್ಕೆ 3 ದಿನವಾದ್ರೂ ಬ್ಯಾಲೆನ್ಸು, ಶಕ್ತಿ ಎರಡೂ ಬೆಳೆಯೋ ವ್ಯಾಯಾಮ ಮಾಡ್ಬೇಕು ಅಂತ ಹೇಳಿದೆ, ಬೀಳೋದನ್ನ ತಪ್ಪಿಸೋಕೆ. ನೀವು ಮಾಡಿಸ್ತಿರೋದು ಅದನ್ನೇ. ಬಯೋ ಶುರು ಆಗ್ಬೇಕಾಗಿದ್ದು ಅಲ್ಲಿಂದ.

ಸರ್ಟಿಫಿಕೇಟ್ ವಿಷ್ಯ. 'ಇಂಟರ್‌ನ್ಯಾಷನಲ್ ಸರ್ಟಿಫೈಡ್' ಅಂತ ಬರೆದು ಸುಮ್ನಾದ್ರೆ ಯಾರೂ ನಂಬಲ್ಲ. ಕೊಟ್ಟೋರು ಯಾರು, ಯಾವ ವರ್ಷ, ಎಲ್ಲಿ ತನಕ ವ್ಯಾಲಿಡ್, ಮೂರನ್ನೂ ಹಾಕಿ. ಅಮೆರಿಕಾದ ಫಿಟ್‌ನೆಸ್ ಸಂಸ್ಥೆಗಳಾದ ಏಸ್ (ACE), ನ್ಯಾಸಂ (NASM) ಕೊಡೋ ಸರ್ಟಿಫಿಕೇಟ್‌ಗಳನ್ನ ಎರಡು ವರ್ಷಕ್ಕೊಮ್ಮೆ ರಿನ್ಯೂ ಮಾಡಿಸ್ಬೇಕು ಅನ್ನೋದು ನಿಮಗೆ ಗೊತ್ತಿರತ್ತೆ, ಮುಗ್ದಿದ್ರೆ ರಿನ್ಯೂ ಆಗೋ ತನಕ ಅದನ್ನ ಬಯೋದಲ್ಲಿ ತೋರಿಸ್ಬೇಡಿ. ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ ಮಾಡೋ ತುರ್ತು ಚಿಕಿತ್ಸೆ) ಕಲ್ತಿದ್ರೆ ಮರೀದೆ ಹಾಕಿ, ವಯಸ್ಸಾದವರ ಮಕ್ಕಳು ಮೊದಲು ನೋಡೋದೇ ಅದನ್ನ. ಇನ್ಸ್ಟಾದಲ್ಲಿ ಪ್ರೋಟೀನ್ ಪೌಡರ್ ಪ್ರಮೋಟ್ ಮಾಡ್ತೀನಿ ಅಂದಿದೀರಿ, ಅಲ್ಲೂ ಸರ್ಟಿಫಿಕೇಟ್ ವಿಷ್ಯ ಹೇಳ್ಬೇಕಾಗತ್ತೆ: ಆರೋಗ್ಯದ ಬಗ್ಗೆ ಮಾತಾಡೋ ಫಿಟ್‌ನೆಸ್ ಎಕ್ಸ್‌ಪರ್ಟ್‌ಗಳು ತಾವು ಸರ್ಟಿಫೈಡ್ ಅನ್ನೋದನ್ನ ಜನಕ್ಕೆ ತಿಳಿಸ್ಬೇಕು ಅಂತ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಆಗಸ್ಟ್‌ನಲ್ಲೇ ಗೈಡ್‌ಲೈನ್ ತಂದಿದೆ.

'ಶುಗರ್ ರಿವರ್ಸ್ ಗ್ಯಾರಂಟಿ' ಅನ್ನೋ ಸಾಲಿಗೆ ಮಾತ್ರ ಕೆಂಪು ಪೆನ್ ಹಾಕಿದೀನಿ. ಡಯಾಬಿಟಿಸ್, ಬೊಜ್ಜು ವಾಸಿಯಾಗತ್ತೆ ಅಂತ ಔಷಧಿಗೆ ಜಾಹೀರಾತು ಕೊಡೋದನ್ನೇ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ತಡೆಯತ್ತೆ, ಡಾಕ್ಟರ್ ಅಲ್ಲದ ನಾವು ಗ್ಯಾರಂಟಿ ಕೊಡೋಕೆ ಯಾರು? ಅದರ ಬದಲು ನೀವು ಏನ್ ಮಾಡಲ್ಲ ಅನ್ನೋದನ್ನ ಬರೀರಿ. 'ಇಂಜುರಿ ಇದ್ರೆ ಮೊದಲು ಫಿಸಿಯೋ ಹತ್ರ ಕಳಿಸ್ತೀನಿ' ಅಂತ ಬರ್ದಿರೋ ಟ್ರೈನರ್‌ನ ನಮ್ಮನೆಗಾದ್ರೆ ನಾನು ಕಣ್ಮುಚ್ಚಿ ಕರೀತೀನಿ.

ಇನ್ನೊಂದು, ಚಿಕ್ಕಂದಿನಲ್ಲಿ ಗರಡಿ ಮನೇಲಿ ಸಾಮು ಮಾಡಿದ್ದನ್ನ ಯಾಕೆ ಬಿಟ್ರಿ? ಹಳೇ ಕಾಲದ್ದು ಅನ್ಸತ್ತೆ ಅಂತಾನಾ? ದಸರಾ ಕುಸ್ತಿ ನೋಡಿ ಬೆಳೆದ ಊರು ಅದು, ಉಸ್ತಾದ್ ಕೈಕೆಳಗೆ ಮಟ್ಟಿಯಲ್ಲಿ ದಂಡ ಬೈಠಕ್ ಹೊಡೆದು ಬಂದೋನು ಅಂದ್ರೆ ಅರವತ್ತು ದಾಟಿದ ಮೈಸೂರಿನವರು ನಿಮ್ಮನ್ನ ಕೂರ್ಸಿ ಕಾಫಿ ಕೊಟ್ಟು ಮಾತಾಡಿಸ್ತಾರೆ.

ನಾನಾಗಿದ್ರೆ ಹಿಂಗ್ ಬರೀತಿದ್ದೆ: 'ಅರವತ್ತು ದಾಟಿದವರಿಗೆ ಮನೆಗೇ ಬಂದು ವ್ಯಾಯಾಮ ಹೇಳ್ಕೊಡ್ತೀನಿ. ನೆಲದಿಂದ ಏಳೋದು, ಮೆಟ್ಟಿಲು ಹತ್ತೋದು, ತರಕಾರಿ ಚೀಲ ಎತ್ತೋದು ಸಲೀಸಾಗ್ಲಿ ಅನ್ನೋದೇ ಗುರಿ. ಗರಡಿ ಮನೇಲಿ ಕಲ್ತು, ಎಂಟು ವರ್ಷ ಜಿಮ್‌ನಲ್ಲಿ ಕಲಿಸಿದೀನಿ. ಬಿಪಿ, ಶುಗರ್, ಮಂಡಿನೋವು ಇದ್ರೆ ಡಾಕ್ಟರ್ ಏನಂದಿದಾರೆ ಅಂತ ಕೇಳ್ಕೊಂಡೇ ಶುರು ಮಾಡೋದು. ಡಯಟ್ ಚಾರ್ಟ್ ಕೊಡಲ್ಲ, ಅದಕ್ಕೆ ಡಯಟೀಷಿಯನ್ ಇದಾರೆ.' ಇದರ ಕೆಳಗೆ ಸರ್ಟಿಫಿಕೇಟು, ಫೋನ್ ನಂಬರ್ರು. ಇನ್ಸ್ಟಾ ಬಯೋಗೆ 150 ಅಕ್ಷರಾನೇ ಲಿಮಿಟ್ಟು, ಅಲ್ಲಿಗೆ ಮೊದಲನೇ ಸಾಲು ಸಾಕು. ಇಂಗ್ಲಿಷ್‌ನಲ್ಲೂ ಒಂದು ಕಾಪಿ ಇರ್ಲಿ, ಫೀಸ್ ಕೊಡೋ ಮಗ ಅಮೆರಿಕಾದಲ್ಲಿ ಕೂತು ಓದ್ತಾನೆ.

ಫೋಟೋ: ಶರ್ಟ್ ಹಾಕ್ಕೊಂಡಿರೋದು. ಬಿಫೋರ್-ಆಫ್ಟರ್ ಹಾಕೋದಾದ್ರೆ ಅವರನ್ನ ಕೇಳಿ, ವಾಟ್ಸಾಪ್‌ನಲ್ಲಿ ಬರಹದಲ್ಲೇ ಒಪ್ಪಿಗೆ ತಗೊಳ್ಳಿ, ಅದೇ ಅಪಾರ್ಟ್‌ಮೆಂಟಲ್ಲಿ ಅವರ ಬೀಗರೂ ಇರ್ಬೋದು. ಫೀಸ್ ಹಾಕ್ಲಾ ಅಂತ ಕೇಳಿದ್ರಲ್ಲ, ಬಯೋದಲ್ಲಿ ಬೇಡ, ಬೇರೆ ಹಾಳೇಲಿ ಬರ್ದು ಕೇಳಿದವರಿಗೆ ಕೊಡಿ, ಮೊದಲನೇ ಕ್ಲಾಸ್ ಫ್ರೀನಾ ಇಲ್ವಾ ಅನ್ನೋದನ್ನ ಮಾತ್ರ ಬೋರ್ಡಲ್ಲೇ ಹೇಳ್ಬಿಡಿ.

— ಸಂ.